ವಕೀಲರ ಗುಮಾಸ್ತರ ಸೇವೆ

ನ್ಯಾಯಾಲಯದಲ್ಲಿ ವಾದಿಸಿ ಗೆದ್ದ ವಕೀಲರ ಕೀರ್ತಿಯು ನಾಡೆಲ್ಲ ಹಬ್ಬುವುದು. ಅವರ ಕಡತಗಳನ್ನು ಕಾಯ್ದ ಗುಮಾಸ್ತರನ್ನು ನೆನೆಯುವವರು ವಿರಳ. ಆದರೂ ವ್ಯಾಜ್ಯದ ಅಳಿವು ಉಳಿವುಗಳು ಅನೇಕ ವೇಳೆ ಇವರ ಎಚ್ಚರವನ್ನೇ ಅವಲಂಬಿಸಿರುವುವು.

ಬ್ರಿಟಿಷ್ ಭಾರತದಲ್ಲಿ 1859ರಲ್ಲಿ ವ್ಯಾಜ್ಯಗಳಿಗೆ ಕಾಲಮಿತಿಯನ್ನು ವಿಧಿಸುವ ಶಾಸನವು ಹುಟ್ಟಿತು; ಅದು 1908ರಲ್ಲಿಯೂ, ಸ್ವಾತಂತ್ರ್ಯಾನಂತರ 1963ರಲ್ಲಿಯೂ ಹೊಸ ರೂಪವನ್ನು ತಾಳಿತು. ಇದರ ಪ್ರಕಾರ ಸಿವಿಲ್ ಡಿಕ್ರಿಯ ಮೇಲೆ ಹೈಕೋರ್ಟಿಗೆ ಅಪೀಲು ಮಾಡಲು 90 ದಿನಗಳು, ಇತರ ನ್ಯಾಯಾಲಯಗಳಿಗಾದರೆ 30 ದಿನಗಳು ಮಾತ್ರ ಅವಕಾಶವುಂಟು. ನಕಲು ಪಡೆಯಲು ಹಿಡಿದ ಕಾಲವು ಈ ಗಣನೆಗೆ ಸೇರದು. ಆದರೆ ನಕಲಿನ ಅರ್ಜಿಯನ್ನು ಕೊಡುವ ಮುನ್ನ ಕಳೆದ ದಿನಗಳಿಗೆ ಆ ವಿನಾಯಿತಿಯಿಲ್ಲ. ಆದುದರಿಂದ ತೀರ್ಪಾದೊಡನೆ ಅರ್ಜಿಯನ್ನು ಸಲ್ಲಿಸಿ, ನಕಲು ಸಿದ್ಧವಾದ ದಿನವನ್ನು ವಿಚಾರಿಸಿ, ವಾಯಿದೆಯನ್ನು ದಿನಚರಿಯಲ್ಲಿ ಗುರುತಿಸುವ ಗುಮಾಸ್ತನು ಬಡ ರೈತನ ಹೊಲವನ್ನೇ ಉಳಿಸಿಕೊಟ್ಟಾನು. ವಿಳಂಬವನ್ನು ಮನ್ನಿಸುವ ಅಧಿಕಾರವು ನ್ಯಾಯಾಲಯಕ್ಕಿದ್ದರೂ, ಸಾಕಷ್ಟು ಕಾರಣವನ್ನು ತೋರಿಸಿದಲ್ಲಿ ಮಾತ್ರವೇ ಅದು ದೊರೆಯುವುದು.

ವಕೀಲರ ಬಾಗಿಲಿಗೂ ಬರಲಾರದ ಬಡವರಿಗೆ ಇಂಥ ಸಹಾಯವು ದೊರೆಯಲೆಂದು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಸ್ಥಾಪಿತವಾದ ರಾಷ್ಟ್ರೀಯ ಪ್ರಾಧಿಕಾರವು 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ಇವರು ನ್ಯಾಯಾಲಯದಲ್ಲಿ ವಾದಿಸತಕ್ಕವರಲ್ಲ. ಅರ್ಜಿಗೆ ನೆರವಾಗಿ, ದಾರಿ ತೋರಿಸತಕ್ಕವರು.

ನ್ಯಾಯದ ಯಶಸ್ಸಿನಲ್ಲಿ ಹೊತ್ತನ್ನು ಕಾಯ್ದವರಿಗೂ ಪಾಲು ಸಲ್ಲತಕ್ಕದ್ದು.