ಕಾಲ್ಚೆಂಡಾಟಕ್ಕೆ ನೀರೆರೆದ ಹವ್ಯಾಸಿ ಲೀಗ್‌ಗಳು



ಹಳೇಬೀಡಿನಿಂದ ಬಾಣಾವರದ ಕಡೆಗೆ ಹೊರಟರೆ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಈ ಊರಿನ ಹೆಸರು ದೇಶ ವಿದೇಶಗಳಿಗೆ ತಿಳಿದದ್ದು ಮಾತ್ರ ಕ್ರಿಕೆಟ್‌ನಿಂದ. ಆ ಹೆಸರನ್ನು ಹೊತ್ತ ಜಾವಗಲ್ ಶ್ರೀನಾಥ್ ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ ಪಡೆದರು. ಹೀಗಿರುವಾಗ ಇಲ್ಲಿನ ಹುಡುಗನೊಬ್ಬ ಫುಟ್‌ಬಾಲ್ ಹಿಡಿದು ಬಯಲಿಗೆ ಹೊರಟರೆ, "ಇದರಿಂದ ಏನು ಬಂತಪ್ಪಾ?" ಎಂದು ಮನೆಯ ಹಿರಿಯರು ಕೇಳುವುದು ಸಹಜ. ಈ ಪ್ರಶ್ನೆಗೆ ನಮ್ಮ ನಾಡಿನ ಕಾಲ್ಚೆಂಡಾಟದ ಇತಿಹಾಸದಲ್ಲಿಯೇ ಉತ್ತರವಿದೆ.

ಮೊದಲು ಲೀಗ್ ಎಂದರೇನೆಂದು ತಿಳಿಯೋಣ. ನಾಕೌಟ್ ಪಂದ್ಯಾವಳಿಯಲ್ಲಿ ಸೋತ ತಂಡ ಅಂದೇ ಮನೆಗೆ ಹೋಗುತ್ತದೆ. ಲೀಗ್‌ನಲ್ಲಿ ಹಾಗಲ್ಲ. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಬೇಕು. ಇಂದು ಸೋತವರಿಗೆ ಮುಂದಿನ ವಾರ ತಪ್ಪು ತಿದ್ದಿಕೊಳ್ಳಲು ಅವಕಾಶವುಂಟು. ಕಲಿಯುವ ಆಟಗಾರನಿಗೆ ಒಂದು ದಿನದ ಗೆಲುವಿಗಿಂತ ಇಂಥ ನಿರಂತರ ಆಟವೇ ಮುಖ್ಯ.

1809ರಲ್ಲಿ ಬೆಂಗಳೂರು ದಂಡು ಪ್ರದೇಶ ಸ್ಥಾಪನೆಯಾಯಿತು. ಮುಂದೆ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಕಾಲ್ಚೆಂಡಾಟವನ್ನು ಸುತ್ತಲಿನ ಬಡಾವಣೆಗಳ ಯುವಕರು ನೋಡಿ ಕಲಿತರು, ತಮ್ಮದೇ ಕ್ಲಬ್‌ಗಳನ್ನು ಕಟ್ಟಿಕೊಂಡರು. ಮುಂಬಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ವರ್ಷ ವರ್ಷವೂ ಬ್ರಿಟಿಷ್ ಸೇನಾ ತಂಡಗಳ ಪಾಲಾಗುತ್ತಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದು ಹೆಮ್ಮೆಯ ಸಂಗತಿ.

ಇಂಥ ಸ್ಥಳೀಯ ಕ್ಲಬ್‌ಗಳ ಬಲದಿಂದಲೇ ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದರು. ಲಂಡನ್ನಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಫ್ರಾನ್ಸ್ ಎದುರು ಕೇವಲ 1–2ರಿಂದ ಸೋತರು.

ಈ ಆಟಗಾರರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಇದು ಗಮನಿಸಬೇಕಾದ ವಿಷಯ. ಸ್ವಾತಂತ್ರ್ಯಾನಂತರ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸರ್ಕಾರಿ ಕಾರ್ಖಾನೆಗಳು ಒಳ್ಳೆಯ ಆಟಗಾರರನ್ನು ಗುರುತಿಸಿ ಕೆಲಸಕ್ಕೆ ತೆಗೆದುಕೊಂಡವು. ಸಂಬಳ ಬರುತ್ತಿದ್ದುದು ಉದ್ಯೋಗಕ್ಕೆ, ಆಟಕ್ಕಲ್ಲ. ಆದುದರಿಂದ ಅವರನ್ನು ಹವ್ಯಾಸಿಗಳೆಂದೇ ಕರೆಯಲಾಯಿತು. ಬಡ ಮನೆಯ ಹುಡುಗನಿಗೆ ಲೀಗ್ ಆಟವೆಂಬುದು ಖಾಯಂ ನೌಕರಿಯ ಬಾಗಿಲೂ ಆಗಿತ್ತು. ಕ್ರಮೇಣ ಇಂಥ ನೇಮಕಾತಿ ಕಡಿಮೆಯಾದಾಗ ಆ ಬಾಗಿಲು ಕಿರಿದಾಯಿತು.

2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಆಟವನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳುವ ದಾರಿಯೂ ತೆರೆಯಿತು. ಆದರೆ ಅಂಥ ದೊಡ್ಡ ಕ್ಲಬ್ಬೂ ತನ್ನ ಕಿರಿಯರನ್ನು ಪಳಗಿಸಲು ನಗರದ ಸೂಪರ್ ಡಿವಿಷನ್ ಲೀಗ್‌ನಲ್ಲಿ ಆಡಿಸಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ತಂದಾಗಲೂ ಅದರ ಹಿಂದೆ ಇದ್ದದ್ದು ಸ್ಥಳೀಯ ಲೀಗ್‌ನ ಆಟಗಾರರೇ.

ಈ ಇತಿಹಾಸದಲ್ಲಿ ಒಂದು ಕೊರತೆಯೂ ಇದೆ. ಮೇಲೆ ಹೇಳಿದ ಕ್ಲಬ್‌ಗಳೂ ಕಾರ್ಖಾನೆಗಳೂ ಬಹುಮಟ್ಟಿಗೆ ಬೆಂಗಳೂರಿನವು. ಹಳ್ಳಿಯ ಹುಡುಗ ಅಲ್ಲಿಗೆ ಹೋಗಿ ನೆಲೆಸದೆ ಆ ಏಣಿಯನ್ನು ಹತ್ತುವುದು ಕಷ್ಟ. ಏಣಿಯ ಮೊದಲ ಮೆಟ್ಟಿಲು ಅವನ ಊರಿನ ಹತ್ತಿರವೇ ಇರಬೇಕು.

ಇದು ಅಸಾಧ್ಯವೇನಲ್ಲ. ಜಾವಗಲ್, ಹಳೇಬೀಡು, ಬೇಲೂರು, ಅರಸೀಕೆರೆ, ಹೀಗೆ ನಾಲ್ಕು ಊರುಗಳು ಒಂದೊಂದು ತಂಡ ಕಟ್ಟಿದರೆ, ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಲು ಆರು ಪಂದ್ಯಗಳು ಸಾಕು. ವಾರಕ್ಕೆ ಎರಡರಂತೆ ಮೂರು ಭಾನುವಾರಗಳಲ್ಲಿ ಮುಗಿಯುತ್ತವೆ. ಬೇಕಾದುದು ಒಂದು ಬಯಲು, ಒಂದು ಚೆಂಡು, ನಿಯಮ ತಿಳಿದ ಒಬ್ಬ ತೀರ್ಪುಗಾರ, ಹೇಳಿದ ದಿನ ತಪ್ಪದೆ ಬರುವ ಶಿಸ್ತು. ಅಂದು ಬೆಂಗಳೂರಿನ ಯುವಕರೂ ಇಷ್ಟರಿಂದಲೇ ಆರಂಭಿಸಿದ್ದರು.