ಯಾರ ಬಾಯಿ, ಯಾರ ದನಿ

ಇಂಗ್ಲಿಷಿನ ಹಾಡಿನ ಸಿನಿಮಾಗಳ ಮಾತು ಬಂತೆಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳು. ಅತ್ತಿಗೆಯವರದು ‘ಮೈ ಫೇರ್ ಲೇಡಿ’ ಪಕ್ಷ, ನನ್ನದು ‘ದಿ ಸೌಂಡ್ ಆಫ್ ಮ್ಯೂಸಿಕ್’ ಪಕ್ಷ. ಅತ್ತಿಗೆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ಬರ್ನಾರ್ಡ್ ಷಾ ಅವರಿಗೆ ತವರುಮನೆಯ ಕಡೆಯವನಿದ್ದ ಹಾಗೆ. ನಾನು ಮದುವೆಗೆ ಮುಂಚೆ ನಾಲ್ಕು ವರ್ಷ ಸಂಗೀತ ಕಲಿತು, ಆಮೇಲೆ ಒಗ್ಗರಣೆಯ ಸದ್ದಿನ ಜೊತೆ ಹಾಡಿಕೊಂಡವಳು. ಹಾಗಾಗಿ ಸಿನಿಮಾ ಯಾವುದೇ ಇರಲಿ, ಅವರ ಕಿವಿ ಮಾತಿನ ಕಡೆಗಿರುತ್ತದೆ, ನನ್ನದು ದನಿಯ ಕಡೆಗೆ.

ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ಮೊದಲನೆಯದು 1964ರದು, ಎರಡನೆಯದು 1965ರದು. ಎರಡರಲ್ಲೂ ಬಡ ಹುಡುಗಿಯೊಬ್ಬಳು ದೊಡ್ಡಮನೆಯ ಬಾಗಿಲು ತಟ್ಟುತ್ತಾಳೆ. ಒಳಗೆ ಸಿಡುಕು ಮೋರೆಯ ಯಜಮಾನನೊಬ್ಬನಿರುತ್ತಾನೆ. ಮೂರು ಗಂಟೆ ಕಳೆಯುವುದರೊಳಗೆ ಅವನು ಮೆತ್ತಗಾಗಿರುತ್ತಾನೆ. ಇಷ್ಟೇ ಆಗಿದ್ದರೆ ಇವುಗಳ ಮೇಲೆ ಜಗಳವಾಡುವುದಕ್ಕೆ ಏನೂ ಇರಲಿಲ್ಲ. ಈ ಎರಡು ಸಿನಿಮಾಗಳನ್ನು ಗಂಟು ಹಾಕಿರುವುದು ಬೇರೆಯದೇ ಒಂದು ಚರಿತ್ರೆ. ಅದು ತೆರೆಯ ಮೇಲೆ ಕಾಣುವುದಿಲ್ಲ.

ಷಾ ತನ್ನ ‘ಪಿಗ್ಮೇಲಿಯನ್’ ನಾಟಕವನ್ನು ಹಾಡಿನ ನಾಟಕ ಮಾಡಲು ಬದುಕಿರುವವರೆಗೆ ಯಾರಿಗೂ ಬಿಡಲಿಲ್ಲ. ಹಿಂದೆ ಅವನ ಇನ್ನೊಂದು ನಾಟಕವನ್ನು ಹಾಗೆ ಮಾಡಿ ಕೆಡಿಸಿದ್ದರೆಂಬ ಸಿಟ್ಟು. 1950ರಲ್ಲಿ ಅವನು ತೀರಿಕೊಂಡ ಮೇಲೆ ದಾರಿ ತೆರೆಯಿತು. ಲರ್ನರ್ ಮತ್ತು ಲೋ ಎಂಬ ಜೋಡಿ ಹಾಡು ಕಟ್ಟಿತು. 1956ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಮೈ ಫೇರ್ ಲೇಡಿ’ ರಂಗವೇರಿತು. ಒಟ್ಟು 2,717 ಪ್ರದರ್ಶನಗಳು! ಅದರಲ್ಲಿ ಹೂ ಮಾರುವ ಎಲೈಜಳಾಗಿ ಹಾಡಿದ ಹುಡುಗಿಗೆ ಆಗ ಇಪ್ಪತ್ತು ವರ್ಷ. ಹೆಸರು ಜೂಲಿ ಆಂಡ್ರೂಸ್.

ಸಿನಿಮಾ ಮಾಡಲು ವಾರ್ನರ್ ಬ್ರದರ್ಸ್ ಕಂಪನಿಯ ಜಾಕ್ ವಾರ್ನರ್ 55 ಲಕ್ಷ ಡಾಲರ್ ಕೊಟ್ಟು ಹಕ್ಕು ಕೊಂಡ. ಅಷ್ಟು ಹಣ ಸುರಿದವನಿಗೆ ತೆರೆಯ ಮೇಲೆ ಊರು ತಿಳಿದ ಮುಖವೇ ಬೇಕು. ಜೂಲಿ ಅಲ್ಲಿಯತನಕ ಒಂದು ಸಿನಿಮಾದಲ್ಲೂ ನಟಿಸಿರಲಿಲ್ಲ. ಹಾಗಾಗಿ ಹತ್ತು ಲಕ್ಷ ಡಾಲರ್ ಸಂಭಾವನೆಯ ಮೇಲೆ ಆಡ್ರೆ ಹೆಪ್‌ಬರ್ನ್ ಎಲೈಜಳಾದಳು. ಚೆಲುವೆ, ಒಳ್ಳೆಯ ನಟಿ. ಹಾಡುಗಳನ್ನು ತಾನೇ ಹಾಡಬೇಕೆಂದು ಪಾಠ ಹೇಳಿಸಿಕೊಂಡಳು, ಅಭ್ಯಾಸ ಮಾಡಿದಳು, ಹಾಡಿ ಮುದ್ರಣವನ್ನೂ ಮಾಡಿಸಿದಳು. ಕೊನೆಗೆ ಅದರಲ್ಲಿ ಹೆಚ್ಚಿನದನ್ನು ತೆಗೆದುಹಾಕಿ ಮಾರ್ನಿ ನಿಕ್ಸನ್ ಎಂಬಾಕೆಯಿಂದ ಹಾಡಿಸಿದರು. ಎಲೈಜ ಸಿಟ್ಟಿನಲ್ಲಿ ಪ್ರೊಫೆಸರನಿಗೆ ಶಾಪ ಹಾಕುವ ಹಾಡಿನಂಥ ಕೆಲವು ಕಡೆ ಮಾತ್ರ ಆಡ್ರೆಯ ಸ್ವಂತ ದನಿ ಉಳಿದಿದೆ. ತುಸು ಒರಟು, ತುಸು ನಡುಕ. ಬೀದಿಯಲ್ಲಿ ಹೂ ಮಾರುವವಳ ದನಿ ಹಾಗಲ್ಲದೆ ಇನ್ನು ಹೇಗಿರಬೇಕಿತ್ತು?

ಇನ್ನು ಗಂಡಸಿನ ಕಥೆ ಕೇಳಿ. ಪ್ರೊಫೆಸರ್ ಹಿಗಿನ್ಸ್‌ನ ಪಾತ್ರ ಮಾಡಿದ ರೆಕ್ಸ್ ಹ್ಯಾರಿಸನ್‌ಗೆ ಹಾಡಲು ಬರುತ್ತಿರಲಿಲ್ಲ. ಅವನು ಹಾಡುಗಳನ್ನು ತಾಳಕ್ಕೆ ಸರಿಯಾಗಿ ಮಾತಿನಂತೆ ಹೇಳಿಕೊಂಡು ಹೋಗುತ್ತಾನೆ. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಅಲ್ಲಾಡಿಸುವುದು ತನ್ನಿಂದ ಆಗದು, ಒಂದು ಸಲ ಹೇಳಿದಂತೆ ಇನ್ನೊಂದು ಸಲ ಹೇಳುವವನಲ್ಲ ನಾನು, ಎಂದ. ಸರಿ, ಅವನ ಟೈಯೊಳಗೆ ತಂತಿಯಿಲ್ಲದ ಪುಟ್ಟ ಮೈಕೊಂದನ್ನು ಅಡಗಿಸಿಟ್ಟು, ಶೂಟಿಂಗ್ ನಡೆಯುವಾಗಲೇ ಅವನ ದನಿಯನ್ನು ಹಿಡಿದರು. ಹಾಡಲು ಬಾರದ ಗಂಡಸಿಗಾಗಿ ಯಂತ್ರವೇ ಬಗ್ಗಿತು. ಅಷ್ಟಿಷ್ಟು ಹಾಡಬಲ್ಲ ಹೆಂಗಸಿನ ದನಿಯನ್ನು ಅಳಿಸಿಹಾಕಿದರು. ಕಥೆಯಾದರೂ ಏನು? ಒಬ್ಬ ಪ್ರೊಫೆಸರು ಒಬ್ಬ ಹುಡುಗಿಯ ಸ್ವಂತ ಉಚ್ಚಾರವನ್ನು ಕಿತ್ತು ತನಗೆ ಬೇಕಾದದ್ದನ್ನು ತುಂಬುವುದು! ಷಾ ಬದುಕಿದ್ದರೆ ಇದರ ಮೇಲೇ ಇನ್ನೊಂದು ನಾಟಕ ಬರೆಯುತ್ತಿದ್ದನೋ ಏನೋ.

“ನಮ್ಮ ನಾಯಕಿಯರಿಗೆ ಜಾನಕಿ, ಸುಶೀಲ ಹಾಡಿದರೆ ನಿನಗೇನೂ ಅನ್ನಿಸುವುದಿಲ್ಲ. ಆಡ್ರೆಗೆ ಯಾರೋ ಹಾಡಿದರೆ ಮಾತ್ರ ಅನ್ಯಾಯವೇನೇ?” ಎಂದು ಅತ್ತಿಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಒಂದು ಬಾಯಿ, ಇನ್ನೊಂದು ದನಿ ನಮಗೆ ಹಾಲುನೀರಿನಷ್ಟು ಸಹಜ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರೇ ಹಾಡತೊಡಗಿದರು. ನಮಗೆ ಎರಡೂ ಇಷ್ಟವಾಯಿತು. ಆದರೆ ನಮ್ಮಲ್ಲಿ ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಅದೂ ಸುಮ್ಮನೆ ಬಂದದ್ದಲ್ಲ. 1949ರ ಹಿಂದಿ ‘ಮಹಲ್’ ಚಿತ್ರದ ಹಾಡಿನ ತಟ್ಟೆಯ ಮೇಲೆ ಹಾಡಿದ ಲತಾ ಹೆಸರಿರಲಿಲ್ಲ, ಮಧುಬಾಲಾಳ ಪಾತ್ರದ ಹೆಸರು ‘ಕಾಮಿನಿ’ ಎಂದಿತ್ತು! ಫಿಲ್ಮ್‌ಫೇರ್ ಪತ್ರಿಕೆ ಹಿನ್ನೆಲೆ ಗಾಯನಕ್ಕೆ ಬೇರೆ ಬಹುಮಾನ ಇಟ್ಟದ್ದು 1959ರಲ್ಲಿ, ಅದೂ ಲತಾ ಹಟ ಹಿಡಿದ ಮೇಲೆ.

ಮಾರ್ನಿ ನಿಕ್ಸನ್‌ಗೆ ಅಂಥ ಭಾಗ್ಯವಿರಲಿಲ್ಲ. 1956ರ ‘ದಿ ಕಿಂಗ್ ಅಂಡ್ ಐ’ ಚಿತ್ರದಲ್ಲಿ ಡೆಬೊರಾ ಕೆರ್‌ಗೆ, 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, 1964ರಲ್ಲಿ ಆಡ್ರೆಗೆ ದನಿಯಾದವಳು ಇವಳೊಬ್ಬಳೇ. ಯಾವುದರಲ್ಲೂ ತೆರೆಯ ಮೇಲೆ ಅವಳ ಹೆಸರು ಬರಲಿಲ್ಲ. ಡೆಬೊರಾ ಕೆರ್ ದೊಡ್ಡ ಮನಸ್ಸಿನವಳು, ಹಾಡಿದ್ದು ಮಾರ್ನಿ ಎಂದು ತಾನೇ ಪತ್ರಿಕೆಯವರಿಗೆ ಹೇಳಿಬಿಟ್ಟಳು. ‘ವೆಸ್ಟ್ ಸೈಡ್ ಸ್ಟೋರಿ’ಯ ಹಾಡಿನ ತಟ್ಟೆಗಳು ಲಕ್ಷಗಟ್ಟಲೆ ಖರ್ಚಾದಾಗ ಮಾರ್ನಿ ತನಗೂ ಪಾಲು ಬೇಕೆಂದು ಕೇಳಿದಳು. ಸಂಗೀತ ಕಟ್ಟಿದ ಲಿಯೊನಾರ್ಡ್ ಬರ್ನ್‌ಸ್ಟೈನ್ ತನ್ನ ಪಾಲಿನಿಂದಲೇ ಕಾಲು ಪರ್ಸೆಂಟು ಬಿಟ್ಟುಕೊಟ್ಟ. ಕಾಲು ಪರ್ಸೆಂಟು! ತರಕಾರಿಯವನು ಕೊಸರಿಗೆ ಹಾಕುವ ಕರಿಬೇವೂ ಇದಕ್ಕಿಂತ ಹೆಚ್ಚಿರುತ್ತದೆ.

ಪಾತ್ರ ಕಳೆದುಕೊಂಡ ಜೂಲಿ ಮನೆಯಲ್ಲಿ ಕೂರಲಿಲ್ಲ. ವಾಲ್ಟ್ ಡಿಸ್ನಿ ಕರೆದು ‘ಮೇರಿ ಪಾಪಿನ್ಸ್’ ಮಾಡಿಸಿದ. 1965ರ ಏಪ್ರಿಲ್‌ನ ಆಸ್ಕರ್ ರಾತ್ರಿ ‘ಮೈ ಫೇರ್ ಲೇಡಿ’ಗೆ ಎಂಟು ಬಹುಮಾನ ಬಂದವು, ಶ್ರೇಷ್ಠ ನಟಿ ಮಾತ್ರ ಜೂಲಿ. ಆಡ್ರೆಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಆ ವರ್ಷದ ಇನ್ನೊಂದು ಬಹುಮಾನದ ವೇದಿಕೆಯಲ್ಲಿ ಜೂಲಿ, ಇದನ್ನೆಲ್ಲ ಸಾಧ್ಯವಾಗಿಸಿದ ಜಾಕ್ ವಾರ್ನರ್‌ಗೆ ಕೃತಜ್ಞತೆ ಹೇಳಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಅಷ್ಟು ಹೊತ್ತಿಗೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಕೂಡ ಥಿಯೇಟರುಗಳಿಗೆ ಬಂದಿತ್ತು.

ಅತ್ತಿಗೆಯ ವಾದವನ್ನು ಪೂರ್ತಿ ಹೇಳದಿದ್ದರೆ ಮೋಸವಾಗುತ್ತದೆ. ಅವರ ಪ್ರಕಾರ ‘ಮೈ ಫೇರ್ ಲೇಡಿ’ಯ ಹಾಡುಗಳನ್ನು ಕಿತ್ತುಹಾಕಿದರೂ ಒಂದು ದೊಡ್ಡ ನಾಟಕ ಉಳಿಯುತ್ತದೆ. ಹಾಗೆ ಮಾತು ಕಲಿತ ಹುಡುಗಿ ಮುಂದೆ ಏನು ಮಾಡಬೇಕು? ವಾಪಸು ಬೀದಿಗೆ ಹೋಗಲಾರಳು, ಮೇಲಿನವರು ಸೇರಿಸಿಕೊಳ್ಳುವುದಿಲ್ಲ. ಸಣ್ಣ ಊರುಗಳಿಂದ ಬಂದು ಇಂಗ್ಲಿಷ್ ಕಲಿತ ಅವರ ಎಷ್ಟೋ ವಿದ್ಯಾರ್ಥಿನಿಯರ ಪ್ರಶ್ನೆಯೂ ಅದೇ ಆಗಿತ್ತಂತೆ. ಪು.ಲ. ದೇಶಪಾಂಡೆ 1975ರಲ್ಲಿ ಇದನ್ನೇ ಮರಾಠಿಗೆ ‘ತೀ ಫುಲರಾಣಿ’ ಎಂದು ತಂದಾಗ ಎಲ್ಲೂ ಹೊರಗಿನ ಕಥೆ ಅನ್ನಿಸದಿದ್ದುದು ಇದಕ್ಕೇ. ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಏನಿದೆ, ಗುಡ್ಡ, ಮಕ್ಕಳು, ಪರದೆಯ ಬಟ್ಟೆಯಲ್ಲಿ ಹೊಲಿದ ಅಂಗಿ, ಎನ್ನುತ್ತಾರೆ.

ನಾನು ಆಗ ಕೊನೆಯ ದೃಶ್ಯವನ್ನು ತೆಗೆಯುತ್ತೇನೆ. ಷಾ ನಾಟಕದಲ್ಲಿ ಎಲೈಜ ಮನೆ ಬಿಟ್ಟು ಹೋಗುತ್ತಾಳೆ. ಜನ ಅವಳನ್ನು ಹಿಗಿನ್ಸ್‌ಗೇ ಕಟ್ಟಲು ಹೊರಟಾಗ ಅವನು ರೇಗಿ, 1916ರಲ್ಲಿ ಒಂದು ಬಾಲಂಗೋಚಿ ಬರೆದು, ಅವಳು ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದು ಖಂಡತುಂಡವಾಗಿ ಹೇಳಿದ. ಸಿನಿಮಾದಲ್ಲಿ ಎಲೈಜ ವಾಪಸು ಬರುತ್ತಾಳೆ. ಅವನು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ನನ್ನ ಚಪ್ಪಲಿ ಎಲ್ಲಿ ಎನ್ನುತ್ತಾನೆ. ಮುಗಿಯಿತು. ಇದಕ್ಕೆ ಅತ್ತಿಗೆಯ ಬಳಿ ಉತ್ತರವಿಲ್ಲ, ಕಾಫಿಗೆ ಹಾಲಿಡಲು ಏಳುತ್ತಾರೆ.

ಆದರೆ ವಾಪಸು ಬಂದವರೇ ನನ್ನ ಬುಡಕ್ಕೆ ಕೈ ಹಾಕುತ್ತಾರೆ, ಏಕೆಂದರೆ ಮರಿಯಾ ನಿಜವಾಗಿ ಬದುಕಿದ್ದ ಹೆಂಗಸು. 1905ರಲ್ಲಿ ಹುಟ್ಟಿದವಳು. ಸಾಲ್ಸ್‌ಬರ್ಗ್‌ನ ಕ್ರೈಸ್ತ ಮಠದಿಂದ ಅವಳನ್ನು ಕ್ಯಾಪ್ಟನ್ ಟ್ರಾಪ್‌ನ ಮನೆಗೆ ಕಳಿಸಿದ್ದು 1926ರಲ್ಲಿ, ಏಳೂ ಮಕ್ಕಳಿಗಲ್ಲ, ಕಾಯಿಲೆಯಿಂದ ಎದ್ದ ಒಬ್ಬ ಹುಡುಗಿಗೆ ಪಾಠ ಹೇಳಲು. ಮದುವೆ 1927ರಲ್ಲಿ, ಗಂಡ ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ತನಗೆ ಪ್ರೀತಿಯಿದ್ದದ್ದು ಮಕ್ಕಳ ಮೇಲೆ, ಗಂಡನ ಮೇಲೆ ಪ್ರೀತಿ ಆಮೇಲೆ ಬಂತು ಎಂದು ಅವಳೇ ಬರೆದಿದ್ದಾಳೆ. ಗಂಡ ಸೌಮ್ಯ, ಸಿಡುಕು ಅವಳದು. 1935ರ ಸುಮಾರಿಗೆ ಬ್ಯಾಂಕು ಮುಳುಗಿ ಹಣ ಹೋಯಿತು, ಹಾಡು ಹೊಟ್ಟೆಪಾಡಾಯಿತು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರು ಬೆಟ್ಟ ಹತ್ತಿ ಓಡಲಿಲ್ಲ, ರೈಲು ಹತ್ತಿ ಇಟಲಿಗೆ ಹೋದರು. ಸಾಲ್ಸ್‌ಬರ್ಗ್‌ನ ಆ ಬೆಟ್ಟ ದಾಟಿದರೆ ಸಿಗುವುದು ಜರ್ಮನಿ, ಹಿಟ್ಲರನ ಮನೆಯ ಅಂಗಳ! 1947ರಲ್ಲಿ ಗಂಡ ಸತ್ತ ಮೇಲೆ, 1949ರಲ್ಲಿ ಅವಳು ತನ್ನ ಕಥೆ ಬರೆದಳು. ಅದರ ಸಿನಿಮಾ ಹಕ್ಕನ್ನು ಜರ್ಮನ್ ಕಂಪನಿಗೆ 9,000 ಡಾಲರಿಗೆ ಒಟ್ಟಾರೆ ಮಾರಿಬಿಟ್ಟಳು. ಬ್ರಾಡ್‌ವೇಯವರು ಆಮೇಲೆ ಮನಸ್ಸು ಮಾಡಿ ಕೊಟ್ಟದ್ದು ಒಂದು ಪರ್ಸೆಂಟಿಗೂ ಕಡಿಮೆ ಪಾಲು.

“ನಿನ್ನ ಸಿನಿಮಾ ಆಡ್ರೆಯ ಹಾಡನ್ನಲ್ಲ, ಒಬ್ಬ ಹೆಂಗಸಿನ ಬದುಕನ್ನೇ ಡಬ್ ಮಾಡಿತಲ್ಲೇ” ಎಂದರು ಅತ್ತಿಗೆ ಒಂದು ದಿನ. ಮಾತು ಸರಿಯಾಗಿ ನಾಟಿತು.

ಆದರೂ ನನ್ನ ಓಟು ಬದಲಾಗಿಲ್ಲ. ಸಕ್ಕರೆ ಹೆಚ್ಚು ಎಂದು ಆಗಲೇ ಅಮೆರಿಕದ ವಿಮರ್ಶಕಿ ಪೌಲಿನ್ ಕೇಲ್ ಬೈದಿದ್ದಳು. ಹೆಚ್ಚೇ ಬಿಡಿ. ‘ಮೈ ಫೇರ್ ಲೇಡಿ’ಯ ಸಾಹಿತ್ಯದ ಚುರುಕಿಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಹಾಡಿನ ಸಿನಿಮಾ ಎಂದ ಮೇಲೆ ಹಾಡು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಕಣ್ಣು ನೋಡಬೇಕು. ಜೂಲಿ ಬಾಯಿ ತೆರೆಯುವ ಮೊದಲೇ ಅವಳ ಎದೆ ಉಸಿರು ತುಂಬಿಕೊಳ್ಳುವುದು ಕಾಣುತ್ತದೆ, ಕತ್ತಿನ ನರ ಕಾಣುತ್ತದೆ. ಸ್ವರ ಮೇಲೆ ಹೋದಂತೆ ಕಣ್ಣೂ ಹೋಗುತ್ತದೆ. ಆಡ್ರೆ ಎಷ್ಟು ಚೆನ್ನಾಗಿ ನಟಿಸಿದರೂ ಹಾಡು ಶುರುವಾದ ಕೂಡಲೇ ಅವಳ ಕೊರಳು ಸುಮ್ಮನಾಗಿಬಿಡುತ್ತದೆ. ತಮಾಷೆಯೆಂದರೆ ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಎರವಲು ಕಂಠ ಗಂಡಸಿನದು. ಕ್ಯಾಪ್ಟನ್ ಆದ ಕ್ರಿಸ್ಟೊಫರ್ ಪ್ಲಮರ್‌ಗೆ ಹಾಡಿದವನು ಬಿಲ್ ಲೀ. ಮಠದ ಹಿರಿಯ ತಾಯಿಗೂ ಬೇರೆಯವರೇ ಹಾಡಿದ್ದಾರೆ. ಜೂಲಿಯದು ಮಾತ್ರ ಅವಳದೇ. 1997ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆ ದನಿ ಹೋಗಿಯೇಬಿಟ್ಟಿತು. ಹಾಗಾಗಿ ಉಳಿದಿರುವ ಮುದ್ರಣಕ್ಕೆ ಇನ್ನಷ್ಟು ಬೆಲೆ.

ಇನ್ನೊಂದು ಕಾರಣವೂ ಇದೆ. ಮರಿಯಾಳನ್ನು ಏನು ಮಾಡುವುದು ಎಂದು ಮಠದ ಸನ್ಯಾಸಿನಿಯರು ಸೇರಿ ಹಾಡುವ ದೃಶ್ಯ ನೆನಪಿದೆಯಲ್ಲ? ಅವರಲ್ಲಿ ಸಿಸ್ಟರ್ ಸೋಫಿಯಾ ಎಂಬವಳು ಮಾರ್ನಿ ನಿಕ್ಸನ್. ದೊಡ್ಡ ದೊಡ್ಡ ತಾರೆಯರಿಗೆ ದನಿಯಾಗಿದ್ದವಳು ಇಲ್ಲಿ ತನ್ನ ಮುಖದ ಜೊತೆ ತೆರೆಯ ಮೇಲೆ ನಿಂತಳು. ಎಲೈಜಳ ಪಾತ್ರ ಕಳೆದುಕೊಂಡ ಜೂಲಿಗೂ, ಆ ಎಲೈಜಳಿಗೆ ಹಾಡಿದ ಮಾರ್ನಿಗೂ ಸೆಟ್ಟಿನಲ್ಲಿ ಹೇಗಿರುತ್ತದೋ ಎಂದು ಸುತ್ತಲಿನವರಿಗೆ ಆತಂಕವಿತ್ತಂತೆ. ಜೂಲಿ ತಾನಾಗಿಯೇ ಬಂದು ಕೈ ಹಿಡಿದು, ನಾನು ನಿಮ್ಮ ಅಭಿಮಾನಿ ಎಂದಳಂತೆ.

ಕಳೆದ ಸಲ ಅತ್ತಿಗೆಯನ್ನು ಕೂರಿಸಿಕೊಂಡು ಆ ದೃಶ್ಯವನ್ನು ಎರಡು ಬಾರಿ ಹಾಕಿದೆ. ಬಿಳಿ ಅಂಚಿನ ಕಪ್ಪು ಮುಸುಕುಗಳ ನಡುವೆ ಯಾರು ಯಾರೆಂದು ಗುರುತಿಸುವುದೇ ಕಷ್ಟ. ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. “ಇವಳೇನೇ? ನಮ್ಮ ಎಲೈಜ!” ಎಂದರು. ಆಮೇಲೆ, “ಇವಳೊಬ್ಬಳಿಗೇ ಅಂತ ಒಂದು ಪೂರ್ತಿ ಹಾಡು ಕೊಡಬಹುದಾಗಿತ್ತು” ಎಂದರು.