ನೀಲಗಿರಿಯ ನೀರೂ ಪರದೇಶದ ಮೀನೂ

ಉದಕಮಂಡಲದ ಕೆರೆಯಲ್ಲಿ ದೋಣಿಯೇರುವ ಯಾತ್ರಿಕರು ಅದನ್ನು ಪ್ರಕೃತಿಯ ಕೊಡುಗೆಯೆಂದೇ ಭಾವಿಸುವರು. ವಾಸ್ತವವು ಹಾಗಿಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಎಂಬಾತನು 1823ರಲ್ಲಿ ಬೆಟ್ಟದ ಹಳ್ಳಗಳಿಗೆ ಕಟ್ಟೆ ಹಾಕಿಸಲಾರಂಭಿಸಿ, ಎರಡು ವರ್ಷಗಳಲ್ಲಿ ಈ ಜಲಾಶಯವನ್ನು ನಿರ್ಮಿಸಿದನು. ಟಿಪ್ಪುವಿನ ಪತನಾನಂತರ, 1799ರಲ್ಲಿ, ಮೈಸೂರಿನ ಕೈತಪ್ಪಿ ಕಂಪೆನಿಯ ವಶವಾದ ಈ ಬೆಟ್ಟಗಳಲ್ಲಿ ಆಂಗ್ಲರು ಮನೆ ಕಟ್ಟಿಕೊಳ್ಳುತ್ತಿದ್ದ ಕಾಲವದು. ಮುಂದೆ ಕೆರೆಯ ಒಂದು ಭಾಗವನ್ನು ತುಂಬಿ ಕುದುರೆಪಂದ್ಯದ ಬಯಲನ್ನೂ ಬಸ್ಸು ನಿಲ್ದಾಣವನ್ನೂ ಮಾಡಿದರು. 1973ರಲ್ಲಿ ತಮಿಳುನಾಡಿನ ಪ್ರವಾಸೋದ್ಯಮ ನಿಗಮವು ದೋಣಿವಿಹಾರವನ್ನು ವಹಿಸಿಕೊಂಡಿತು. ಊರಿನ ಕೊಚ್ಚೆಯೂ ಸೇರುತ್ತ ಬಂದ ಈ ನೀರಿನಲ್ಲಿ ಈಜುವ ಮಾತು ಬೇಡ.

ನೀರನ್ನು ಕಟ್ಟಿದವರಿಗೆ ಅದರಲ್ಲಿ ತಮ್ಮ ನಾಡಿನ ಮೀನೂ ಬೇಕೆನಿಸಿತು. ಇಲ್ಲಿನ ತೊರೆಗಳ ಚಿಕ್ಕ ಮೀನುಗಳು ಗಾಳದ ವಿನೋದಕ್ಕೆ ಸಾಲವು ಎಂಬುದು ಅವರ ತೀರ್ಮಾನ. ಸೈನ್ಯದ ವೈದ್ಯನೂ ಮತ್ಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಡೇ 1863ರಲ್ಲಿ ಟ್ರೌಟ್ ಮೀನನ್ನು ತರಿಸಲು ಯತ್ನಿಸಿ ವಿಫಲನಾದನು. ತಣ್ಣೀರಿನಲ್ಲಿ ಮಾತ್ರ ಬದುಕುವ ಮೊಟ್ಟೆಗಳನ್ನು ಉಷ್ಣವಲಯದ ಸಮುದ್ರ ದಾಟಿಸುವುದು ಸುಲಭವೇ? ಕಡೆಗೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮದರಾಸು ಸರ್ಕಾರದ ತಜ್ಞನಾದ ವಿಲ್ಸನ್ ಈ ಕಾರ್ಯವನ್ನು ಸಾಧಿಸಿದನು. 1907ರಲ್ಲಿ ಅವಲಾಂಚಿಯಲ್ಲಿ ಮರಿಕೇಂದ್ರವು ಸ್ಥಾಪಿತವಾಯಿತು. ಹೆಣ್ಣುಮೀನಿನ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೊಟ್ಟೆಗಳನ್ನು ಬಟ್ಟಲಿಗೆ ಇಳಿಸುವುದು, ಗಂಡಿನ ರೇತಸ್ಸನ್ನು ಬೆರೆಸುವುದು, ತಣ್ಣನೆಯ ಹರಿನೀರಿನ ತಟ್ಟೆಗಳಲ್ಲಿ ಅವನ್ನು ಕಾಯುವುದು: ಇದು ಅಲ್ಲಿಯ ಕೆಲಸ. ಉತ್ತರ ಅಮೆರಿಕದ ಪಶ್ಚಿಮ ತೀರದ ಕಾಮನಬಿಲ್ಲಿನ ಟ್ರೌಟ್ ಹೀಗೆ ನಮ್ಮ ಬೆಟ್ಟದ ತೊರೆಗಳ ನಿವಾಸಿಯಾಯಿತು. 1939ರಲ್ಲಿ ಸಿಂಹಳದಿಂದ ಕಾರ್ಪ್ ಮೀನೂ ಬಂದಿತು.

ಅವಲಾಂಚಿಯ ಆ ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ತೋಡರ ಜೀವನವನ್ನು ಕುರಿತು 1906ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಿವರ್ಸ್ ಎಂಬ ವಿದ್ವಾಂಸನು ಅವರು ಪೈಕಾರ ಮತ್ತು ಅವಲಾಂಚಿ ನದಿಗಳನ್ನು ದೈವಗಳೆಂದು ಮನ್ನಿಸುವರೆಂದೂ, ದಾಟುವಾಗ ಬಲತೋಳನ್ನು ಹೊದಿಕೆಯಿಂದ ಹೊರತೆಗೆದು ಗೌರವ ಸಲ್ಲಿಸುವರೆಂದೂ ದಾಖಲಿಸಿದ್ದಾನೆ. ಗ್ರಂಥವು ಹೊರಬಂದ ಮರುವರ್ಷವೇ ಆ ದೈವದ ದಡದಲ್ಲಿ ಮೀನಿನ ತೊಟ್ಟಿಗಳು ಎದ್ದವು! ತೋಡರನ್ನು ಯಾರಾದರೂ ಕೇಳಿದರೇ ಎಂಬ ಪ್ರಶ್ನೆಯು ನಮ್ಮನ್ನು ಬಿಡುವುದಿಲ್ಲ.

ಕೇಳುವ ಪದ್ಧತಿಯು ಅಂದು ಇರಲಿಲ್ಲವೆಂದು ತೋರುತ್ತದೆ. 1879ರ ನೀಲಗಿರಿ ಮೃಗಮತ್ಸ್ಯ ಸಂರಕ್ಷಣ ಶಾಸನವು ಬೇಟೆಗೂ ಮೀನುಗಾರಿಕೆಗೂ ನಿಯಮ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಕಾನೂನಿನಿಂದ ಮೀನಿಗೆ ಉಪಕಾರವಾಗಲಿಲ್ಲವೆಂದು ನಾವು ಹೇಳೆವು. ಆದರೆ ಮತ್ಸ್ಯರಕ್ಷಣೆಯನ್ನು ನಮ್ಮವರಿಗೆ ಪರರು ಕಲಿಸಬೇಕಾಗಿರಲಿಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಹೊಳೆಯಲ್ಲಿಯೂ ಭಕ್ತರು ದೇವರ ಮೀನುಗಳನ್ನು ಯಾವ ಶಾಸನವೂ ಇಲ್ಲದೆ ಸಾಕಿಕೊಂಡು ಬಂದರು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಆ ಸೀಮೆಯ ಹೊಳೆಗಳಲ್ಲೇ ಮೀನುಗಳನ್ನು ಅಭ್ಯಸಿಸಿ, ಗಾಳದ ವಿದ್ಯೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದನು. ದೇಶೀಯ ಮೀನನ್ನೇ ಮೆಚ್ಚಿದ ಆಂಗ್ಲನೂ ಇದ್ದನೆಂಬುದಕ್ಕೆ ಇದು ಸಾಕ್ಷಿ.

ಪೈಕಾರ ನದಿಯು ಮುಕುರ್ತಿಯ ಮಗ್ಗುಲಲ್ಲಿ ಹುಟ್ಟಿ, ಉತ್ತರಕ್ಕೆ ಹರಿದು, ಜಲಪಾತಗಳಾಗಿ ಧುಮುಕಿ, ಮೋಯಾರೆಂಬ ಹೆಸರಿನಿಂದ ಮೈಸೂರು ಸೀಮೆಗೂ ನೀಲಗಿರಿಗೂ ನಡುವೆ ಆಳವಾದ ಕಮರಿಯನ್ನು ಕೊರೆಯುತ್ತದೆ. ಬಡಗಣಿಂದ ಬಂದವರಾದ್ದರಿಂದಲೇ ಬಡಗರೆನಿಸಿ, ಕನ್ನಡದ ಸೋದರನುಡಿಯನ್ನಾಡುವ ನಮ್ಮ ಬಂಧುಗಳ ಹಿರಿಯರು ಮೈಸೂರು ಸೀಮೆಯಿಂದ ಈ ಬೆಟ್ಟಗಳನ್ನೇರಿದವರು. ಮೇಲೆ ಪೈಕಾರದಲ್ಲಿ ದೋಣಿಯು ವಿನೋದಕ್ಕಾದರೆ, ಕೆಳಗೆ ಮೋಯಾರಿನ ದಡದ ತೆಂಗುಮರಹಡದಲ್ಲಿ ಹರಿಗೋಲು ಬಾಳಿನ ಆಧಾರವಾಯಿತು. ಬಡಗರೂ ಇರುಳರೂ ಬೇಸಾಯ ಮಾಡಿಕೊಂಡಿರುವ ಆ ಊರಿನವರು ಸಂತೆಗೂ ಆಸ್ಪತ್ರೆಗೂ ಹೋಗಬೇಕಾದರೆ ಬಹುಕಾಲ ಹರಿಗೋಲನ್ನೇ ನಂಬಿದ್ದರು. ಮಳೆಗಾಲದಲ್ಲಿ ನದಿಯು ಉಕ್ಕಿದರೆ ಅದೂ ಇಲ್ಲ. ದಡದಲ್ಲಿ ಕುಳಿತು ನೀರಿಳಿಯುವುದನ್ನು ಕಾಯಬೇಕಾಗಿತ್ತು.